ನಿತ್ಯದ ಓಡಾಟಕ್ಕೆ ಹಳೆಯ ಜೀಪು

ಹಳೆಯ ಜೀಪನ್ನು ಮತ್ತೆ ಕಟ್ಟಿ ನಿಲ್ಲಿಸುವವರ ಉದ್ದೇಶ ಒಂದೇ ಬಗೆಯದಾಗಿರುವುದಿಲ್ಲ. ಕೆಲವರಿಗೆ ಅದು ಪ್ರದರ್ಶನದ ವಸ್ತು, ಕೆಲವರಿಗೆ ಕೆಸರು ಕಲ್ಲುಗಳ ದಾರಿಯ ಸಾಹಸಕ್ಕೆ ಸಾಧನ. ಇನ್ನು ಕೆಲವರು ಅದನ್ನು ಕಚೇರಿಗೆ, ಮಾರುಕಟ್ಟೆಗೆ, ಮಕ್ಕಳನ್ನು ಶಾಲೆಗೆ ಬಿಟ್ಟುಬರಲು ಪ್ರತಿದಿನವೂ ಓಡಿಸಬಯಸುತ್ತಾರೆ. ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿರುವುದು ಈ ಮೂರನೆಯ ಉದ್ದೇಶವನ್ನು, ಅದನ್ನೂ ಕುಮಾರಸ್ವಾಮಿ ಲೇಔಟಿನಂಥ ಬಡಾವಣೆಯ ನಿವಾಸಿಗಳ ದೃಷ್ಟಿಯಿಂದ. ಶಾವಿಗೆ ಮಲ್ಲೇಶ್ವರ ಬೆಟ್ಟದ ಸುತ್ತ ಹಬ್ಬಿರುವ ಈ ಬಡಾವಣೆಯ ಏರಿಳಿತದ ಅಡ್ಡರಸ್ತೆಗಳು, ಕನಕಪುರ ರಸ್ತೆ ಹಾಗೂ ಹೊರವರ್ತುಲ ರಸ್ತೆಗಳಲ್ಲಿ ತೆವಳುವ ವಾಹನದಟ್ಟಣೆ, ಮೂವತ್ತು–ನಲವತ್ತರ ನಿವೇಶನದ ಮನೆಯೆದುರು ಬಿಸಿಲು ಮಳೆಗಳಲ್ಲೇ ಗಾಡಿ ನಿಲ್ಲಿಸಬೇಕಾದ ಅನಿವಾರ್ಯತೆ, ಇವೆಲ್ಲ ಸೇರಿ ಜೀಪಿಗೆ ಒಡ್ಡುವ ಪರೀಕ್ಷೆಯು ಸಕಲೇಶಪುರದ ಕಾಫಿ ತೋಟದ ದಾರಿ ಒಡ್ಡುವ ಪರೀಕ್ಷೆಗಿಂತ ಬೇರೆಯೇ ತೆರನಾದುದು. ತೋಟದಲ್ಲಿ ಎಳೆಯುವ ಶಕ್ತಿ ಮುಖ್ಯವಾದರೆ, ಸಾರಕ್ಕಿಯ ಸಿಗ್ನಲಿನಲ್ಲಿ ಬಿಸಿಯೇರದೆ ನಿಂತಿರುವುದು ಮುಖ್ಯ, ಇಳಿಜಾರಿನಲ್ಲಿ ಕಾಲಿಟ್ಟ ತಕ್ಷಣ ಹಿಡಿಯುವ ಬ್ರೇಕು ಮುಖ್ಯ. ಆದ್ದರಿಂದ ಬಣ್ಣಕ್ಕೂ ದೊಡ್ಡ ಟೈರಿಗೂ ಮೊದಲು ಹಣ ಸುರಿಯುವ ರೂಢಿಯನ್ನು ಬಿಟ್ಟು, ದಾಖಲೆಯಿಂದ ಆರಂಭಿಸಿ ಚಾಸಿಸ್, ಬ್ರೇಕು, ತಂಪು ವ್ಯವಸ್ಥೆ, ವಿದ್ಯುತ್ ಜಾಲ, ಎಂಜಿನ್ ಎಂಬ ಕ್ರಮದಲ್ಲಿ ಮುಂದುವರಿದು, ಬಣ್ಣವನ್ನು ಕಟ್ಟಕಡೆಗೆ ಇಟ್ಟುಕೊಳ್ಳಬೇಕೆಂಬುದು ಈ ಬರಹದ ನಿಲುವು.

ಯಾವ ಜೀಪು

ಎಂಜಿನಿನ ಶಕ್ತಿಯನ್ನು ಬೇಕೆಂದಾಗ ಮುಂದಿನ ಚಕ್ರಗಳಿಗೂ ಹರಿಸಬಲ್ಲ ವಾಹನವನ್ನು ಆಡುಮಾತಿನಲ್ಲಿ 'ಫೋರ್ ವೀಲ್ ಡ್ರೈವ್' ಎನ್ನುತ್ತಾರೆ. ಕರ್ನಾಟಕದಲ್ಲಿ ಇಂದಿಗೂ ಸಿಗುವ ಇಂಥ ಹಳೆಯ ವಾಹನಗಳಲ್ಲಿ ಮಹೀಂದ್ರ ಜೀಪುಗಳದ್ದೇ ದೊಡ್ಡ ಪಾಲು. ಅಮೆರಿಕದ ವಿಲ್ಲಿಸ್ ಕಂಪನಿಯ ಪರವಾನಗಿ ಪಡೆದು 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೀಪುಗಳ ಜೋಡಣೆಗೆ ತೊಡಗಿದ ಮಹೀಂದ್ರ, ಮುಂದೆ ಸಿಜೆ-3ಬಿ ಎಂಬ ಮಾದರಿಯನ್ನು ಇಲ್ಲಿಯೇ ತಯಾರಿಸಿತು. ಅಮೆರಿಕದಲ್ಲಿ 1953ರಿಂದ 1968ರವರೆಗೆ ತಯಾರಾಗಿ ನಿಂತುಹೋದ ಈ ಮಾದರಿಯ ಎತ್ತರದ ಬಾನೆಟ್ಟು ಭಾರತದ ಜೀಪಿನ ಗುರುತಾಗಿ ಬಹುಕಾಲ ಉಳಿಯಿತು. ಬಾನೆಟ್ಟನ್ನು ಎತ್ತರಿಸಿದ್ದು ಅದರೊಳಗಿನ 'ಹರಿಕೇನ್' ಎಂಬ 2.2 ಲೀಟರ್ ಪೆಟ್ರೋಲ್ ಎಂಜಿನ್: ಮಿಶ್ರಣವನ್ನು ಒಳಕ್ಕೆ ಬಿಡುವ ವಾಲ್ವುಗಳು ಮೇಲಿನ ಹೆಡ್ಡಿನಲ್ಲೂ, ಹೊಗೆಯನ್ನು ಹೊರಕ್ಕೆ ಬಿಡುವ ವಾಲ್ವುಗಳು ಕೆಳಗಿನ ಬ್ಲಾಕಿನಲ್ಲೂ ಇರುವ ಈ ವಿನ್ಯಾಸಕ್ಕೆ 'ಎಫ್-ಹೆಡ್' ಎಂದು ಹೆಸರು. ಪೆಟ್ರೋಲ್ ದುಬಾರಿಯಾದ ಮೇಲೆ ಮೊದಲು ಟ್ರ್ಯಾಕ್ಟರ್ ಮೂಲದ ಡೀಸೆಲ್ ಎಂಜಿನ್, ಅನಂತರ ಫ್ರಾನ್ಸಿನ ಪೆಜೊ ಕಂಪನಿಯ ವಿನ್ಯಾಸದ ಡೀಸೆಲ್ ಎಂಜಿನ್ ಜೀಪಿನೊಳಗೆ ಬಂದವು, 2.1 ಲೀಟರಿನ ಪೆಜೊ ಡೀಸೆಲ್ ಹೊತ್ತ ಎಂಎಂ-540 ಮತ್ತು ಅದರ ಮುಂದಿನ ಎಂಎಂ-550, 2010ರಲ್ಲಿ ಥಾರ್ ಬರುವವರೆಗಿನ ಪರಂಪರೆಯ ಮುಖ್ಯ ಕೊಂಡಿಗಳು.

ಮಾರುತಿ ಜಿಪ್ಸಿ ಎರಡನೆಯ ಆಯ್ಕೆ. 1985ರ ಕೊನೆಗೆ 970 ಸಿಸಿ ಎಂಜಿನಿನೊಂದಿಗೆ ಬಂದ ಈ ಹಗುರ ವಾಹನಕ್ಕೆ 1996ರಲ್ಲಿ 1.3 ಲೀಟರಿನ ಎಂಜಿನ್ ಸೇರಿ 'ಜಿಪ್ಸಿ ಕಿಂಗ್' ಆಯಿತು. ಮೂರನೆಯದು ಜಬಲಪುರದ ಸೇನಾ ಕಾರ್ಖಾನೆಯಲ್ಲಿ ನಿಸಾನ್ ಪ್ಯಾಟ್ರೋಲ್ ಎಂಬ ಜಪಾನಿ ವಾಹನದ ಮಾದರಿಯಲ್ಲಿ ತಯಾರಾದ ಜೋಂಗಾ. ಆರು ಸಿಲಿಂಡರಿನ, 4 ಲೀಟರಿಗೆ ಸಮೀಪದ ಅದರ ಪೆಟ್ರೋಲ್ ಎಂಜಿನಿನ ಹಸಿವನ್ನೂ, ಬಿಡಿಭಾಗಗಳ ಅಭಾವವನ್ನೂ ನೋಡಿದರೆ ನಿತ್ಯದ ಓಡಾಟಕ್ಕೆ ಅದನ್ನು ಆರಿಸಿಕೊಳ್ಳುವುದು ಅಭಿಮಾನದ ನಿರ್ಧಾರವಾಗಬಹುದೇ ಹೊರತು ವಿವೇಕದ ನಿರ್ಧಾರವಾಗಲಾರದು. ಸಿಜೆ-3ಬಿಯ ವಿಷಯದಲ್ಲೂ ಎಚ್ಚರ ಬೇಕು: ಮೂರೇ ಗೇರುಗಳು, ಅವುಗಳಲ್ಲಿ ಮೊದಲನೆಯದಕ್ಕೆ ಸಿಂಕ್ರೊಮೆಶ್ ಇಲ್ಲ, ಅಂದರೆ ಬೇರೆ ಬೇರೆ ವೇಗದಲ್ಲಿ ತಿರುಗುವ ಹಲ್ಲುಗಳನ್ನು ಸಮಗೊಳಿಸಿ ಸದ್ದಿಲ್ಲದೆ ಜೋಡಿಸುವ ಏರ್ಪಾಟಿಲ್ಲವಾದ್ದರಿಂದ ಗಾಡಿ ಪೂರ್ತಿ ನಿಂತ ಮೇಲೆಯೇ ಫಸ್ಟ್ ಗೇರ್ ಹಾಕಬೇಕಾಗುತ್ತದೆ; ಇದರ ಜೊತೆಗೆ ಆಕ್ಸಲ್ ಹೌಸಿಂಗಿನೊಳಗಿನ ಕ್ರೌನ್–ಪಿನಿಯನ್ ಹಲ್ಲುಗಳ ಅನುಪಾತವೂ ಎಳೆತಕ್ಕೆ ಹೊಂದಿಸಿದ್ದಾಗಿರುವುದರಿಂದ ಹೆದ್ದಾರಿಯ ವೇಗದಲ್ಲಿ ಎಂಜಿನ್ ಅರಚತೊಡಗುತ್ತದೆ. ಜಯನಗರ, ಜೆ.ಪಿ. ನಗರ, ಬನಶಂಕರಿಗಳ ನಡುವಿನ ಓಡಾಟಕ್ಕಷ್ಟೇ ಗಾಡಿ ಬೇಕೆಂದಾದರೆ ಸುಮಾರು 3.3 ಮೀಟರ್ ಉದ್ದದ ಈ ಪುಟ್ಟ ಜೀಪು ನಿಲುಗಡೆಯ ದೃಷ್ಟಿಯಿಂದ ವರವೇ ಸರಿ. ಮೈಸೂರಿಗೂ ಹೋಗಬೇಕೆಂದಾದರೆ ಎಂಎಂ-540, ಎಂಎಂ-550 ಅಥವಾ ಐದು ಗೇರಿನ ಜಿಪ್ಸಿ ಕಿಂಗ್ ಮೇಲು.

ಮಾದರಿಯಷ್ಟೇ ಮುಖ್ಯವಾದದ್ದು ಗಾಡಿ ಇದುವರೆಗೆ ಬಾಳಿದ ಊರು. ಕರಾವಳಿಯ ಉಪ್ಪುಗಾಳಿಯಲ್ಲಿ ನಿಂತ ಜೀಪಿನ ತಗಡು ಒಳಗಿನಿಂದಲೇ ಸವೆದಿರುತ್ತದೆ. ಕೊಡಗು, ಚಿಕ್ಕಮಗಳೂರುಗಳ ತೋಟದ ಜೀಪುಗಳಲ್ಲಿ ಎಂಜಿನ್ ಚೆನ್ನಾಗಿದ್ದರೂ ನೆಲದ ತಗಡು, ಕಮಾನು ಪಟ್ಟೆಗಳನ್ನು ಚಾಸಿಸ್ಸಿಗೆ ತೂಗುಹಾಕಿದ ಹ್ಯಾಂಗರುಗಳು ಕೆಸರು ಕುಳಿತು ಕೊಳೆತಿರುವುದುಂಟು. ಬಳ್ಳಾರಿ, ಕಲಬುರಗಿ ಕಡೆಯ ಒಣ ಹವೆಯ ಗಾಡಿಗಳಲ್ಲಿ ತಗಡು ಗಟ್ಟಿಯಾಗಿದ್ದರೂ ದೂಳು ನುಂಗಿದ ಎಂಜಿನ್ ಸವೆದಿರಬಹುದು. ಎಂಜಿನನ್ನು ಮತ್ತೆ ಕಟ್ಟುವುದು ಸುಲಭ, ಚಾಸಿಸ್ಸನ್ನು ಮತ್ತೆ ಕಟ್ಟುವುದು ಕಷ್ಟ. ಹಾಗಾಗಿ ಎರಡರಲ್ಲಿ ಒಂದು ಕೆಟ್ಟಿರಲೇಬೇಕೆಂದಾದರೆ ಎಂಜಿನ್ ಕೆಟ್ಟ ಗಾಡಿಯನ್ನೇ ಕೊಳ್ಳುವುದು ಲೇಸು.

ದಾಖಲೆಯ ತೊಡಕು

ಅನೇಕರು ಮುಗ್ಗರಿಸುವುದು 'ವಿಂಟೇಜ್' ಎಂಬ ಪದದಲ್ಲಿಯೇ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಚಾಸಿಸ್, ಬಾಡಿ ಮತ್ತು ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆಯಿಲ್ಲದೆ ಮೂಲರೂಪದಲ್ಲಿ ಉಳಿದ ನಾಲ್ಕು ಚಕ್ರ ಹಾಗೂ ದ್ವಿಚಕ್ರ ವಾಹನಗಳನ್ನು ವಿಂಟೇಜ್ ವರ್ಗದಲ್ಲಿ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷಗಳ ಮಾನ್ಯತೆ, ರಾಜ್ಯದ ಅಕ್ಷರಗಳ ನಂತರ 'ವಿಎ' ಎಂಬ ಗುರುತಿನ ಸಂಖ್ಯೆ. ಆದರೆ ಹೀಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು ಮತ್ತು ದುರಸ್ತಿ ಇಂಥ ಕಾರಣಗಳಿಗಷ್ಟೇ ರಸ್ತೆಗಿಳಿಸಬಹುದು. ನಿತ್ಯದ ಬಳಕೆಗೆ ಅವಕಾಶವಿಲ್ಲ. ಅರ್ಥಾತ್, 1960ರ ದಶಕದ ಜೀಪನ್ನು ಪ್ರತಿದಿನ ಓಡಿಸಬಯಸುವವರು ಗೌರವದ ಆ ಫಲಕದ ಆಸೆಯನ್ನು ಬಿಟ್ಟು, ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಂಡು ಹೋಗಬೇಕು.

ಖಾಸಗಿ ವಾಹನದ ನೋಂದಣಿ ಪತ್ರ, ಅಂದರೆ ಆರ್‌ಸಿ, ಮೊದಲು 15 ವರ್ಷಗಳಿಗೆ ಮಾನ್ಯವಾಗಿದ್ದು, ಆಮೇಲೆ ವಾಹನವನ್ನು ತಪಾಸಣೆಗೆ ಒಡ್ಡಿ ಪ್ರತಿ 5 ವರ್ಷಕ್ಕೊಮ್ಮೆ ನಮೂನೆ 25ರಲ್ಲಿ ಅರ್ಜಿ ಕೊಟ್ಟು ನವೀಕರಿಸಬೇಕಾಗುತ್ತದೆ. 20 ವರ್ಷ ಮೀರಿದ ಲಘು ಮೋಟಾರು ವಾಹನಗಳ ನವೀಕರಣ ಶುಲ್ಕವನ್ನು 2025ರ ಆಗಸ್ಟಿನಲ್ಲಿ 10,000 ರೂಪಾಯಿಗೆ ಏರಿಸಲಾಗಿದ್ದು, ರಾಜ್ಯದ ಹಸಿರು ತೆರಿಗೆ ಇದಕ್ಕೆ ಪ್ರತ್ಯೇಕ. ದೆಹಲಿಯಲ್ಲಿರುವಂತೆ ವಯಸ್ಸಿನ ಕಾರಣಕ್ಕೇ ವಾಹನವನ್ನು ರಸ್ತೆಯಿಂದ ಇಳಿಸುವ ನಿರ್ಬಂಧ ಬೆಂಗಳೂರಿನ ಖಾಸಗಿ ವಾಹನಗಳಿಗಿಲ್ಲವಾದ್ದರಿಂದ ಅಲ್ಲಿನ ಜಿಪ್ಸಿಗಳು ನಿರಾಕ್ಷೇಪಣಾ ಪತ್ರದೊಂದಿಗೆ ದಕ್ಷಿಣಕ್ಕೆ ಬರುತ್ತವೆ. ಹಾಗೆ ಬಂದ ಗಾಡಿಗೆ ಇಲ್ಲಿನ ಜೀವಾವಧಿ ತೆರಿಗೆ ಕಟ್ಟಿ ಜಯನಗರದ ಕೆಎ-05 ಅಥವಾ ತಮ್ಮ ವಿಳಾಸಕ್ಕೆ ಸೇರಿದ ಬೇರೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಮರುನೋಂದಣಿ ಮಾಡಿಸಬೇಕಾಗುವುದರಿಂದ, ಕೊಳ್ಳುವ ಬೆಲೆಯ ಅಗ್ಗವನ್ನು ಮಾತ್ರ ನೋಡಿ ಲೆಕ್ಕ ಹಾಕಬಾರದು.

1989ಕ್ಕಿಂತ ಹಿಂದಿನ, ಎಂವೈ ಅಥವಾ ಸಿಎ ಮೊದಲಾದ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆಯ ಜೀಪುಗಳಲ್ಲಿ ಇನ್ನೊಂದು ತೊಡಕಿದೆ. ಅವುಗಳ ವಿವರ ಹಳೆಯ ಲೆಡ್ಜರುಗಳಲ್ಲಿಯೇ ಉಳಿದು, ಸಾರಿಗೆ ಇಲಾಖೆಯ 'ವಾಹನ್' ಎಂಬ ಗಣಕ ದತ್ತಾಂಶಕ್ಕೆ ಸೇರದೆ ಇರಬಹುದು. ಅಂಥ ಗಾಡಿಯನ್ನು ಕೊಳ್ಳುವ ಮೊದಲೇ ಮಾರುವವರಿಂದ ಆ ನಮೂದು ಮಾಡಿಸಿಕೊಳ್ಳುವುದು ಜಾಣತನ, ಏಕೆಂದರೆ ಅದಿಲ್ಲದೆ ವರ್ಗಾವಣೆ, ನವೀಕರಣ, ವಿಮೆ, 2019ರ ಏಪ್ರಿಲ್ 1ಕ್ಕೆ ಮೊದಲಿನ ಎಲ್ಲ ವಾಹನಗಳಿಗೂ ಕಡ್ಡಾಯವಾಗಿರುವ ಅತಿ ಸುರಕ್ಷಿತ ನಂಬರ್ ಪ್ಲೇಟು ಇವೆಲ್ಲವೂ ನಿಂತುಹೋಗುತ್ತವೆ. ಸೇನೆಯ ಹರಾಜಿನಿಂದ ಬಂದದ್ದೆಂದು ಹೇಳುವ ಗಾಡಿಗೆ ಹರಾಜಿನ ಮತ್ತು ಬಿಡುಗಡೆಯ ಮೂಲಪತ್ರಗಳಿಲ್ಲವಾದರೆ ಅದನ್ನು ಗುಜರಿಯೆಂದೇ ಭಾವಿಸತಕ್ಕದ್ದು.

ಚಾಸಿಸ್ಸಿನ ಕಂಬಿಯ ಮೇಲೆ ಕೊರೆದ ಸಂಖ್ಯೆಯೂ ಎಂಜಿನ್ ಬ್ಲಾಕಿನ ಸಂಖ್ಯೆಯೂ ಆರ್‌ಸಿಯಲ್ಲಿರುವುದಕ್ಕೆ ಅಕ್ಷರಶಃ ಹೊಂದಬೇಕು. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವುದು ಒಂದು ಕಾಲದಲ್ಲಿ ಮನೆಮಾತಾಗಿತ್ತು, ಅವುಗಳಲ್ಲಿ ಎಷ್ಟೋ ದಾಖಲೆಗೆ ಏರಲೇ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಮುಂಭಾಗಕ್ಕೆ ಬಿಗಿಯುವ ಉಕ್ಕಿನ ಕ್ರ್ಯಾಶ್ ಗಾರ್ಡ್ ಅನಧಿಕೃತವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಸಿನಿಮಾ ನಾಯಕನ ಜೀಪಿನಂತೆ ಎತ್ತರಿಸಿ, ಕೊಂಬು ಕೂರಿಸಿ, ದೀಪದ ಸಾಲು ಕಟ್ಟಿದ ಗಾಡಿ ಪ್ರತಿ ಸಿಗ್ನಲಿನಲ್ಲೂ ಪೊಲೀಸರ ಕಣ್ಣಿಗೆ ಬೀಳುತ್ತದೆ ಎಂಬುದು ಬೇರೆ ಮಾತು. ಅಪಘಾತವಾದಾಗ ವಿಮೆಯ ಹಕ್ಕು ಕೈತಪ್ಪುವ ಸಂಭವವಿದೆ ಎಂಬುದು ಹೆಚ್ಚು ಗಂಭೀರವಾದದ್ದು.

ಚಾಸಿಸ್ ಮತ್ತು ತಗಡು

ಚಾಸಿಸ್ ಎಂದರೆ ಎಂಜಿನ್, ಹೌಸಿಂಗ್, ಬಾಡಿ ಎಲ್ಲವನ್ನೂ ಹೊತ್ತ ಉಕ್ಕಿನ ಏಣಿಯಾಕಾರದ ಚೌಕಟ್ಟು. ಹೊರಗಿನ ಕಪ್ಪು ಬಣ್ಣವನ್ನು ನಂಬದೆ, ಸುತ್ತಿಗೆಯಿಂದ ಉದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿ ಲೋಹ ಠಣ್ಣೆನ್ನುತ್ತದೆ, ತುಕ್ಕು ತಿಂದ ಜಾಗ ಮಂಕಾಗಿ ಸದ್ದು ಮಾಡುತ್ತದೆ. ಅನುಮಾನವಿದ್ದಲ್ಲಿ ಸ್ಕ್ರೂಡ್ರೈವರಿನ ಮೊನೆ ಒತ್ತಿ ನೋಡಬೇಕು. ಸ್ಪ್ರಿಂಗ್ ಹ್ಯಾಂಗರುಗಳು, ಸ್ಟೀರಿಂಗ್ ಬಾಕ್ಸ್ ಕೂತ ಜಾಗ, ಅಡ್ಡಪಟ್ಟಿಗಳ ರಿವೆಟ್ ಸುತ್ತಲಿನ ಬಿರುಕು ಇವುಗಳ ತಪಾಸಣೆಗೆ ಒಂದು ದಿನ ಪೂರ್ತಿ ಕೊಟ್ಟರೂ ತಪ್ಪಿಲ್ಲ. ಮರಳು ಊದಿ ತುಕ್ಕು ತೆಗೆಸುವ ಮುನ್ನ ಚಾಸಿಸ್ ಸಂಖ್ಯೆಯ ಮೇಲೆ ದಪ್ಪ ಟೇಪು ಅಂಟಿಸಿ, ಅದರ ಫೋಟೊವನ್ನೂ, ಸಾರಿಗೆ ಕಚೇರಿಯವರು ಕೇಳುವ ಪೆನ್ಸಿಲ್ ಅಚ್ಚನ್ನೂ ತೆಗೆದಿಟ್ಟುಕೊಳ್ಳಬೇಕು. ಸವೆದು ಮಾಸಿದ ಸಂಖ್ಯೆ ತಪಾಸಣೆಯ ದಿನ ಇಡೀ ಕೆಲಸವನ್ನೇ ಹಾಳುಗೆಡವುತ್ತದೆ.

ಬಾಡಿಯ ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯುವ ಟಿಂಕರಿಂಗ್ ಕೆಲಸದಲ್ಲಿ ನೋಡಬೇಕಾದದ್ದು ತಗಡಿನ ದಪ್ಪ ಮತ್ತು ಪುಟ್ಟಿಯ ತೆಳು. 18 ಗೇಜ್, ಎಂದರೆ ಸುಮಾರು 1.2 ಮಿಲಿಮೀಟರ್ ದಪ್ಪದ ತಗಡು ಜೀಪಿನ ಬಾಡಿಗೆ ಒಪ್ಪುತ್ತದೆ. ತೂತಿನ ಮೇಲೆ ತಗಡಿನ ತೇಪೆ ಹಾಕಿ ಪುಟ್ಟಿ ಮೆತ್ತಿದರೆ ಒಳಗೆ ಸಿಕ್ಕಿಕೊಂಡ ನೀರು ಎರಡು ಮಳೆಗಾಲಗಳಲ್ಲಿ ಹೊಸ ಬಣ್ಣವನ್ನು ಗುಳ್ಳೆಯೆಬ್ಬಿಸಿ ಕಳಚುತ್ತದೆ. ಇಂಥ ಕೆಲಸಗಳನ್ನು ಮನೆಯೆದುರಿನ ರಸ್ತೆಯಲ್ಲಿ ಹಮ್ಮಿಕೊಳ್ಳುವುದು ಬಡಾವಣೆಯ ನೆರೆಹೊರೆಗೆ ಹಿತವಲ್ಲ. ಗ್ರೈಂಡರಿನ ಸದ್ದು ಮತ್ತು ಬಣ್ಣದ ಆವಿ ಎರಡನ್ನೂ ಶೆಡ್ಡಿಗೇ ಬಿಡಬೇಕು.

ನಿಲ್ಲಿಸುವ ವಿದ್ಯೆ

ಹಳೆಯ ಜೀಪುಗಳ ಬ್ರೇಕು ನಾಲ್ಕೂ ಚಕ್ರಗಳಲ್ಲಿ ಡ್ರಮ್ ಬಗೆಯದಾಗಿದ್ದು, ಒಂದೇ ಮಾಸ್ಟರ್ ಸಿಲಿಂಡರಿನಿಂದ ಹೊರಟ ಒಂದೇ ಕೊಳವೆಯ ಜಾಲ ಎಲ್ಲ ಚಕ್ರಗಳಿಗೂ ಎಣ್ಣೆಯ ಒತ್ತಡವನ್ನು ತಲುಪಿಸುತ್ತದೆ. ಈ ಜಾಲದಲ್ಲಿ ಎಲ್ಲಿಯಾದರೂ ಒಂದು ರಬ್ಬರ್ ಹೋಸ್ ಒಡೆಯಿತೆಂದರೆ ನಾಲ್ಕೂ ಚಕ್ರಗಳ ಬ್ರೇಕು ಒಟ್ಟಿಗೆ ಹೋಗುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಕೋಣೆಗಳಿರುವ 'ಟ್ಯಾಂಡೆಮ್' ಮಾಸ್ಟರ್ ಸಿಲಿಂಡರನ್ನು ಅಳವಡಿಸಿದರೆ ಒಂದು ಭಾಗ ಕೈಕೊಟ್ಟರೂ ಇನ್ನೊಂದು ಭಾಗ ಗಾಡಿಯನ್ನು ನಿಲ್ಲಿಸುತ್ತದೆ. ನಿತ್ಯದ ಓಡಾಟದ ಜೀಪಿಗೆ ಮಾಡುವ ವೆಚ್ಚಗಳಲ್ಲಿ ಇದಕ್ಕಿಂತ ಸಾರ್ಥಕವಾದದ್ದು ಮತ್ತೊಂದಿಲ್ಲ. ಇದರ ಜೊತೆಗೆ ಕಾಲಿನ ಒತ್ತಡವನ್ನು ಹೆಚ್ಚಿಸುವ ಬೂಸ್ಟರ್ ಬೇಕೆಂದಾದರೆ ಒಂದು ಅಂಶ ನೆನಪಿರಬೇಕು: ಬೂಸ್ಟರ್ ಕೆಲಸ ಮಾಡುವುದು ನಿರ್ವಾತದಿಂದ, ಪೆಟ್ರೋಲ್ ಎಂಜಿನಿನ ಗಾಳಿಯ ಕೊಳವೆಯಲ್ಲಿ ನಿರ್ವಾತ ತಾನಾಗಿಯೇ ಉಂಟಾಗುತ್ತದೆ, ಡೀಸೆಲ್ ಎಂಜಿನಿನಲ್ಲಿ ಉಂಟಾಗುವುದಿಲ್ಲವಾದ್ದರಿಂದ ಸಾಮಾನ್ಯವಾಗಿ ಆಲ್ಟರ್ನೇಟರಿನ ಬೆನ್ನಿಗೆ ಕೂರಿಸಿದ ವ್ಯಾಕ್ಯೂಮ್ ಪಂಪು ಅದನ್ನು ಒದಗಿಸಬೇಕಾಗುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುವ ಗುಣದ್ದಾದ ಕಾರಣ ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸಬೇಕು; ಹಳೆಯ ಉಕ್ಕಿನ ಪೈಪುಗಳು ಒಳಗಿನಿಂದ ತುಕ್ಕು ಹಿಡಿಯುವುದು ಈ ತೇವದಿಂದಲೇ.

ಕೈಬ್ರೇಕಿನ ರಚನೆ ಇಲ್ಲಿ ವಿಶೇಷ ಗಮನ ಬೇಡುತ್ತದೆ. ಇಂದಿನ ಕಾರುಗಳಲ್ಲಿ ಅದು ಹಿಂದಿನ ಚಕ್ರಗಳನ್ನೇ ಹಿಡಿದರೆ, ವಿಲ್ಲಿಸ್ ವಂಶದ ಜೀಪಿನಲ್ಲಿ ಟ್ರಾನ್ಸ್‌ಫರ್ ಕೇಸಿನ ಹಿಂಬದಿಗೆ ಕೂತ ಸಣ್ಣ ಡ್ರಮ್ಮೊಂದು ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಟ್ರಾನ್ಸ್‌ಫರ್ ಕೇಸ್ ಎಂದರೆ ಗೇರ್ ಬಾಕ್ಸಿನ ಶಕ್ತಿಯನ್ನು ಹಿಂದಿನ, ಮುಂದಿನ ಹೌಸಿಂಗುಗಳಿಗೆ ಹಂಚುವ ಪೆಟ್ಟಿಗೆ. ಅದರ ಆಯಿಲ್ ಸೀಲ್ ಸೋರಿದರೆ ಎಣ್ಣೆ ನೇರವಾಗಿ ಕೈಬ್ರೇಕಿನ ಲೈನರಿಗೇ ಇಳಿಯುತ್ತದೆ. ಶಾಫ್ಟಿನ ಕ್ರಾಸ್ ತುಂಡಾದರೆ ಕೈಬ್ರೇಕು ಇದ್ದೂ ಇಲ್ಲದಂತಾಗುತ್ತದೆ. ಕುಮಾರಸ್ವಾಮಿ ಲೇಔಟಿನ ಏರುರಸ್ತೆಯಲ್ಲಿ ರಾತ್ರಿಯಿಡೀ ನಿಲ್ಲುವ ಜೀಪಿಗೆ ಸೀಲ್ ಬದಲಿಸಿ, ಹೊಸ ಲೈನರ್ ಹಾಕಿಸಿ, ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಮರದ ಅಡ್ಡೆಯನ್ನೂ ಕೊಡುವುದು ಅತಿಯೆಚ್ಚರವಲ್ಲ. ಗಾಡಿ ಓಡುತ್ತಿರುವಾಗ ಈ ಬ್ರೇಕನ್ನು ಎಳೆಯುವುದು ಪ್ರೊಪೆಲ್ಲರ್ ಶಾಫ್ಟಿಗೂ ಹೌಸಿಂಗಿಗೂ ಅಪಾಯ.

ಸ್ಟೀರಿಂಗಿನ ವಿಷಯ ಚಿಕ್ಕದಾಗಿ ಹೇಳಬಹುದಾದದ್ದು. ನಲವತ್ತು–ಐವತ್ತು ಕಿಲೊಮೀಟರ್ ವೇಗದಲ್ಲಿ ಒಂದು ಗುಂಡಿ ಸಿಕ್ಕಿದೊಡನೆ ಮುಂದಿನ ಚಕ್ರಗಳು ಒದರಾಡತೊಡಗಿದರೆ ಸ್ಟೀರಿಂಗ್ ಡ್ಯಾಂಪರ್ ಹಾಕಿ ರೋಗವನ್ನು ಮುಚ್ಚಿಡುವುದು ವಾಡಿಕೆ. ಕಾರಣ ಸಾಮಾನ್ಯವಾಗಿ ಸವೆದ ಕಿಂಗ್ ಪಿನ್ ಬೇರಿಂಗು, ಟೈರಾಡ್ ಎಂಡ್ ಅಥವಾ ಸಡಿಲವಾದ ಸ್ಪ್ರಿಂಗ್ ಬುಷ್ಷುಗಳಲ್ಲಿರುತ್ತದೆ. ಅವನ್ನು ಬದಲಿಸಿ, ಚಕ್ರಗಳ ಅಲೈನ್‌ಮೆಂಟ್ ಸರಿಪಡಿಸಿದ ಮೇಲೂ ಉಳಿದ ಅಲ್ಪಸ್ವಲ್ಪ ಕಂಪನಕ್ಕೆ ಮಾತ್ರ ಡ್ಯಾಂಪರ್ ತಕ್ಕದ್ದು. ಟೈರುಗಳನ್ನು ಕೊಳ್ಳುವಾಗ ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿಯ ಸಂಖ್ಯೆಯನ್ನು ಓದಬೇಕು: ಮೊದಲೆರಡು ಅಂಕಿಗಳು ವಾರವನ್ನೂ, ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. ದಪ್ಪ ಹಲ್ಲಿನ ಕೆಸರು ಟೈರು ಡಾಂಬರಿನ ಮೇಲೆ ಸದ್ದು ಮಾಡುವುದಷ್ಟೇ ಅಲ್ಲ, ಮಳೆಯಲ್ಲಿ ಹಿಡಿತವನ್ನೂ ಕಳೆದುಕೊಳ್ಳುತ್ತದೆ.

ತಂಪು ಮತ್ತು ವಿದ್ಯುತ್ತು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇದರಿಂದ ಎರಡು ಪರಿಣಾಮಗಳು: ಇಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುತ್ತದೆ, ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆಯಾದ್ದರಿಂದ ಕಾರ್ಬುರೇಟರಿನ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಾಗುತ್ತದೆ, ಎಂಜಿನಿನ ಬಲ ಕುಗ್ಗುತ್ತದೆ. ಒತ್ತಡವನ್ನು ಹಿಡಿದಿಡುವ ರೇಡಿಯೇಟರ್ ಮುಚ್ಚಳ ಕುದಿಯುವ ಬಿಂದುವನ್ನು ಮೇಲೇರಿಸುವ ಕಾರಣ, ಅದರ ರಬ್ಬರ್ ಗಟ್ಟಿಯಾಗಿ ಸೋರತೊಡಗಿದರೆ ಬೇರೆಲ್ಲವೂ ಸರಿಯಿದ್ದರೂ ಜೀಪು ಸಿಗ್ನಲಿನಲ್ಲಿ ಕುದಿಯುತ್ತದೆ. ಮುಚ್ಚಳ ಅಗ್ಗ, ಮೊದಲು ಅದನ್ನೇ ಬದಲಿಸಬೇಕು.

ಹಿತ್ತಾಳೆ–ತಾಮ್ರದ ಹಳೆಯ ರೇಡಿಯೇಟರನ್ನು ಬಿಸಾಡದೆ ಅದರ ಒಳಗಿನ ಜಾಲರಿಯನ್ನು ಮಾತ್ರ ಹೊಸದಾಗಿಸಿಕೊಳ್ಳಬಹುದು. ಫ್ಯಾನಿನ ಸುತ್ತ ಇರಬೇಕಾದ ತಗಡಿನ ಬಳೆ, ಅಂದರೆ ಶ್ರೌಡ್, ಬಹುತೇಕ ಜೀಪುಗಳಲ್ಲಿ ಎಂದೋ ಕಳಚಿಹೋಗಿರುತ್ತದೆ. ಅದಿಲ್ಲದ ಫ್ಯಾನು ನಿಂತ ಗಾಡಿಯಲ್ಲಿ ರೇಡಿಯೇಟರಿನ ಮೂಲಕ ಗಾಳಿ ಎಳೆಯುವ ಬದಲು ತನ್ನ ಸುತ್ತಲಿನ ಬಿಸಿಗಾಳಿಯನ್ನೇ ಕಡೆಯುತ್ತಿರುತ್ತದೆ. ದಕ್ಷಿಣ ಬೆಂಗಳೂರಿನ ಕೊಳವೆಬಾವಿಯ ಗಡಸು ನೀರನ್ನು ತುಂಬಿದರೆ ಎಂಜಿನಿನ ನೀರಿನ ದಾರಿಗಳಲ್ಲಿ ಸುಣ್ಣದ ಪದರ ಕಟ್ಟುವುದರಿಂದ, ಭಟ್ಟಿಯಿಳಿಸಿದ ನೀರಿಗೆ ಸಮಪಾಲು ಕೂಲೆಂಟ್ ಬೆರೆಸುವುದೇ ಸರಿ. ಥರ್ಮೋಸ್ಟಾಟ್ ಎಂಬ ವಾಲ್ವು ಎಂಜಿನ್ ಸುಮಾರು 80 ಡಿಗ್ರಿಗೆ ಕಾದ ಮೇಲೆ ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. "ನಮ್ಮೂರಿನ ಬಿಸಿಲಿಗೆ ಇದು ಬೇಡ" ಎಂದು ಅದನ್ನು ಕಿತ್ತೆಸೆಯುವ ಮೆಕ್ಯಾನಿಕ್ಕುಗಳು ಇಂದಿಗೂ ಇದ್ದಾರೆ. ಕಿತ್ತ ಎಂಜಿನ್ ಸದಾ ತಣ್ಣಗೆ ಓಡಿ, ಎಣ್ಣೆಯಲ್ಲಿ ಕೆಸರು ಕಟ್ಟಿಸಿಕೊಂಡು, ಸಿಲಿಂಡರುಗಳನ್ನು ಬೇಗ ಸವೆಸಿಕೊಳ್ಳುತ್ತದೆ.

ಹಳೆಯ ಜೀಪಿನ ಡೈನಮೊ ನಿಧಾನಗತಿಯಲ್ಲಿ ಬ್ಯಾಟರಿಯನ್ನು ತುಂಬಲಾರದು. ಸಂಜೆಯ ದಟ್ಟಣೆಯಲ್ಲಿ ಹೆಡ್‌ಲೈಟ್, ವೈಪರ್, ಬ್ರೇಕ್ ದೀಪ ಎಲ್ಲ ಹತ್ತಿದ್ದಾಗ ಬ್ಯಾಟರಿಗೆ ಬರುವುದಕ್ಕಿಂತ ಅದರಿಂದ ಹೋಗುವುದೇ ಹೆಚ್ಚಾಗಿ ಮಾರನೆಯ ಬೆಳಿಗ್ಗೆ ಸೆಲ್ಫ್ ಎತ್ತುವುದಿಲ್ಲ. ನಿಧಾನಗತಿಯಲ್ಲೂ ಸಾಕಷ್ಟು ವಿದ್ಯುತ್ ಕೊಡುವ ಆಲ್ಟರ್ನೇಟರ್ ಇದಕ್ಕೆ ಪರಿಹಾರ. ಅದನ್ನು ಜೋಡಿಸುವಾಗ ಹಳೆಯ ಕಟೌಟ್ ಪೆಟ್ಟಿಗೆಯನ್ನು ತೆಗೆದುಹಾಕಿ, ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಎಂಬುದನ್ನು ನೋಡಿಕೊಳ್ಳಬೇಕು, ತಪ್ಪಿದರೆ ಆಲ್ಟರ್ನೇಟರ್ ಆ ಕ್ಷಣದಲ್ಲಿಯೇ ಸುಡುತ್ತದೆ. ಬಟ್ಟೆ ಸುತ್ತಿದ ಹಳೆಯ ವೈರುಗಳಿಗೆ ತೇಪೆ ಹಾಕುವ ಬದಲು ಹೊಸ ಹಾರ್ನೆಸ್ ಹಾಕಿಸಿ, ಪ್ರತಿ ಶಾಖೆಗೂ ಫ್ಯೂಸ್, ಹೆಡ್‌ಲೈಟಿಗೆ ರಿಲೇ ಕೊಡಿಸಬೇಕು. ರಿಲೇ ಇದ್ದರೆ ದೀಪದ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕ ಹಾಯದೆ ಬ್ಯಾಟರಿಯಿಂದ ನೇರವಾಗಿ ಹೋಗುವುದರಿಂದ, ಸಾಮಾನ್ಯ ಹ್ಯಾಲೊಜೆನ್ ಬಲ್ಬೇ ಸಾಕಷ್ಟು ಬೆಳಕು ಕೊಡುತ್ತದೆ.

ಎಂಜಿನ್ ಮತ್ತು ಇಂಧನ

ಎಂಜಿನ್ ಬಿಚ್ಚುವುದಕ್ಕೆ ಮೊದಲು ಕಂಪ್ರೆಶನ್ ಪರೀಕ್ಷೆ ಮಾಡಿಸಬೇಕು: ಪ್ರತಿ ಸಿಲಿಂಡರು ಗಾಳಿಯನ್ನು ಎಷ್ಟು ಒತ್ತಡಕ್ಕೆ ಹಿಂಡುತ್ತದೆ ಎಂಬುದನ್ನು ಅಳೆದು, ಅವುಗಳ ನಡುವಿನ ವ್ಯತ್ಯಾಸ ನೂರಕ್ಕೆ ಹತ್ತರೊಳಗಿದ್ದು, ಬಿಸಿಯಾದ ಮೇಲೂ ಎಣ್ಣೆಯ ಒತ್ತಡ ನಿಂತರೆ, ವಾಲ್ವು ಉಜ್ಜಿ ಗ್ಯಾಸ್ಕೆಟ್ಟುಗಳನ್ನು ಬದಲಿಸುವಷ್ಟಕ್ಕೇ ಕೆಲಸ ಮುಗಿಯಬಹುದು. ಇಲ್ಲವಾದರೆ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್‌ಗಳ ದಾರಿ ಹಿಡಿಯಬೇಕು. ಬಿಡಿಭಾಗಗಳಿಗೆ ಜೆ.ಸಿ. ರಸ್ತೆ, ಕಲಾಸಿಪಾಳ್ಯಗಳ ಅಂಗಡಿಗಳು, ಹೊಸದಾಗಿ ತಯಾರಾಗದ ಭಾಗಗಳಿಗೆ ಶಿವಾಜಿನಗರದ ಗುಜರಿ ಸಾಲುಗಳು ಈ ನಗರದ ಸೌಕರ್ಯ. ಡೀಸೆಲ್ ಜೀಪಿನ ಮಟ್ಟಿಗೆ ಬೆಂಗಳೂರಿಗೆ ಇನ್ನೊಂದು ಅನುಕೂಲವಿದೆ: 1951ರಲ್ಲಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ಡೀಸೆಲ್ ಪಂಪುಗಳನ್ನು ತಯಾರಿಸುತ್ತಿದ್ದ ಮೈಕೊ, ಅಂದರೆ ಇಂದಿನ ಬಾಷ್, ಈ ಊರಿನಲ್ಲಿ ಪಂಪು–ನಾಜಲ್ ವಿದ್ಯೆಯನ್ನು ತಲೆಮಾರುಗಳಿಗೆ ಕಲಿಸಿತು, ಕಪ್ಪು ಹೊಗೆ ಕಾರುವ ಎಂಎಂ-540ರ ಎಂಜಿನ್ ಬಿಚ್ಚಿಸುವ ಮೊದಲು ಅದರ ಪಂಪನ್ನು ಪರೀಕ್ಷಾ ಯಂತ್ರದ ಮೇಲಿಟ್ಟು ಅಳತೆಗೆ ತರಿಸಿದರೆ, ಬಿಎಸ್-4ಕ್ಕೆ ಮೊದಲಿನ ಡೀಸೆಲ್ ವಾಹನಗಳಿಗೆ ನಿಗದಿಯಾದ 65 ಹಾರ್ಟ್ರಿಜ್ ಹೊಗೆ ಮಿತಿಯೊಳಗೆ ಅದು ಬರುವ ಸಾಧ್ಯತೆ ಹೆಚ್ಚು.

ಪೆಟ್ರೋಲ್ ಜೀಪಿನ ಮುಂದಿರುವ ಹೊಸ ಸವಾಲು ಇ20, ಎಂದರೆ ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಹಳೆಯ ರಬ್ಬರನ್ನು ಮೆತ್ತಗಾಗಿಸಿ ಉಬ್ಬಿಸುತ್ತದೆ, ಗಾಳಿಯ ತೇವವನ್ನು ಹೀರಿ ಟ್ಯಾಂಕಿನ ತಳದಲ್ಲಿ ನೀರಾಗಿ ಬೇರ್ಪಡುತ್ತದೆ, ವರ್ಷಗಳಿಂದ ಟ್ಯಾಂಕಿಗೆ ಅಂಟಿದ್ದ ಗಸಿಯನ್ನು ಕರಗಿಸಿ ಜೆಟ್ಟುಗಳಿಗೆ ತಂದು ಕೂರಿಸುತ್ತದೆ. ಹೀಗಾಗಿ ಟ್ಯಾಂಕನ್ನು ತೊಳೆಸಿ, ಎಥನಾಲಿಗೆ ಬಗ್ಗದ ರಬ್ಬರಿನ ಹೋಸು ಮತ್ತು ಪಂಪಿನ ಡಯಾಫ್ರಮ್ಮುಗಳನ್ನು ಹಾಕಿಸಿ, ಪಾರದರ್ಶಕ ಫಿಲ್ಟರೊಂದನ್ನು ಇಡಬೇಕು. ಎತ್ತರದ ಕಾರಣ ದಪ್ಪವಾಗುವ ಮಿಶ್ರಣವನ್ನು ಎಥನಾಲ್ ತೆಳುವಾಗಿಸುವುದರಿಂದ ಬೆಂಗಳೂರಿನಲ್ಲಿ ಎರಡೂ ಒಂದಿಷ್ಟು ಸರಿದೂಗುತ್ತವೆ ಎಂಬುದೊಂದು ಸಮಾಧಾನ. ಆದರೂ ಜೆಟ್ಟಿನ ಆಯ್ಕೆಯನ್ನು ಪ್ಲಗ್ಗಿನ ಬಣ್ಣ ನೋಡಿಯೇ ನಿರ್ಧರಿಸಬೇಕು. ಇದಲ್ಲದೆ, ಸೀಸವಿದ್ದ ಪೆಟ್ರೋಲ್ 2000ದಲ್ಲಿ ದೇಶದಿಂದ ಮರೆಯಾದದ್ದರಿಂದ, ಆ ಸೀಸದ ರಕ್ಷಣೆಯನ್ನು ನೆಚ್ಚಿದ್ದ ಹಳೆಯ ಎಂಜಿನಿನ ಹೆಡ್ ಬಿಚ್ಚಿದಾಗ ಎಕ್ಸಾಸ್ಟ್ ವಾಲ್ವುಗಳಿಗೆ ಗಡುಸಾದ ಸೀಟ್ ರಿಂಗುಗಳಿವೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಓಡಿಸುತ್ತ ಕಾಯುವುದು

ಬಣ್ಣದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಗಾಡಿ ಕನಿಷ್ಠ ಎರಡು ತಿಂಗಳು ಪ್ರೈಮರಿನಲ್ಲಿಯೇ ಓಡಿ, ಎಣ್ಣೆ ಸೋರುವ ಜಾಗಗಳೂ ನೀರು ನುಗ್ಗುವ ಸಂದುಗಳೂ ಗೊತ್ತಾದ ಮೇಲೆ ಹೊಡೆಸಿದ ಬಣ್ಣ ಬಾಳುತ್ತದೆ. ಸೀಟುಬೆಲ್ಟನ್ನು ನೆಲದ ತಗಡಿಗೆ ಬಿಗಿಯದೆ ಚಾಸಿಸ್ಸಿಗೆ ತಾಗುವ ದಪ್ಪ ಪಟ್ಟಿಗೆ ಬಿಗಿಯಬೇಕು.

ಮೊದಲ 500 ಕಿಲೊಮೀಟರಿನ ನಂತರ ಸ್ಪ್ರಿಂಗಿನ ಯು-ಬೋಲ್ಟು, ಚಕ್ರದ ನಟ್ಟು, ಹೆಡ್ ಬೋಲ್ಟುಗಳನ್ನು ಮತ್ತೆ ಬಿಗಿಸಿ ಎಣ್ಣೆ ಬದಲಿಸಬೇಕು. ಇತ್ತೀಚಿನ ಪೆಟ್ರೋಲ್ ಕಾರುಗಳ ತೆಳು ಎಣ್ಣೆಗಿಂತ, ಚಪ್ಪಟೆ ಟ್ಯಾಪೆಟ್ಟಿನ ಈ ಎಂಜಿನುಗಳಿಗೆ 15ಡಬ್ಲ್ಯು-40ರಂಥ ಡೀಸೆಲ್ ದರ್ಜೆಯ ಎಣ್ಣೆ ಹೆಚ್ಚು ಒಪ್ಪುತ್ತದೆ. ನಾಲ್ಕು ಚಕ್ರಗಳ ಚಾಲನೆಯನ್ನು ಒಣ ಡಾಂಬರಿನ ಮೇಲೆ ಎಂದೂ ಹಾಕಕೂಡದು: ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸುತ್ತವೆ, ಆ ವ್ಯತ್ಯಾಸವನ್ನು ನುಂಗುವ ನಡುವಿನ ಡಿಫರೆನ್ಷಿಯಲ್ ಈ ಜೀಪುಗಳಲ್ಲಿಲ್ಲವಾದ್ದರಿಂದ ಬಿಗಿತವೆಲ್ಲ ಗೇರುಗಳ ಮೇಲೆ ಬಿದ್ದು ಟ್ರಾನ್ಸ್‌ಫರ್ ಕೇಸ್ ಸಿಕ್ಕಿಕೊಳ್ಳುತ್ತದೆ. ಹಾಗೆಂದು ಅದನ್ನು ಬಳಸದೆಯೇ ಇಟ್ಟರೆ ಮುಂದಿನ ಹೌಸಿಂಗಿನ ಸೀಲುಗಳು ಒಣಗುತ್ತವೆ. ತಿಂಗಳಿಗೊಮ್ಮೆ ಮಣ್ಣಿನ ನೆಲದಲ್ಲಿ ಒಂದಿಷ್ಟು ದೂರ ಹಾಕಿ ಓಡಿಸಬೇಕು.

ಕುಮಾರಸ್ವಾಮಿ ಲೇಔಟಿನಿಂದ ಜಯನಗರದವರೆಗಿನಂಥ ಚಿಕ್ಕ ಓಡಾಟಗಳಲ್ಲಿ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಒಳಗಿನ ಆವಿ ನೀರಾಗಿ ಎಣ್ಣೆಗೆ ಬೆರೆತು, ಎಣ್ಣೆ ತುಂಬುವ ಮುಚ್ಚಳದ ಅಡಿಯಲ್ಲಿ ಕೆನೆಯಂಥ ಪದರ ಕಾಣಿಸಿಕೊಳ್ಳುತ್ತದೆ, ಬ್ಯಾಟರಿಯೂ ಅರೆಹೊಟ್ಟೆಯಲ್ಲಿರುತ್ತದೆ. ಹದಿನೈದು ದಿನಕ್ಕೊಮ್ಮೆ ಬೆಳಗಿನ ಜಾವ ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿಯವರೆಗೆ ಒಂದೇ ಸಮನೆ ಓಡಿಸಿಕೊಂಡು ಬಂದರೆ ಇವೆರಡೂ ಸರಿಹೋಗುತ್ತವೆ. ಹಿಂದಿರುಗಿದೊಡನೆ ನಾಲ್ಕೂ ಚಕ್ರಗಳ ಹಬ್ಬುಗಳ ಬಳಿ ಕೈ ಹಿಡಿದು ನೋಡಬೇಕು. ಮೂರು ಬೆಚ್ಚಗಿದ್ದು ಒಂದು ಮಾತ್ರ ಮುಟ್ಟಲಾಗದಷ್ಟು ಕಾದಿದ್ದರೆ ಅಲ್ಲಿ ಬ್ರೇಕು ಅಂಟಿಕೊಂಡಿದೆ, ಇಲ್ಲವೇ ಬೇರಿಂಗನ್ನು ಅತಿಯಾಗಿ ಬಿಗಿಯಲಾಗಿದೆ, ಮಾರನೆಯ ದಿನ ಗಾಡಿ ತೆಗೆಯುವ ಮುನ್ನ ಆ ಡ್ರಮ್ಮನ್ನು ಬಿಚ್ಚಿಸಲೇಬೇಕು.